ಒಬ್ಬಳೇ ಒಂದು ಮನೆಯಲ್ಲಿ: ನಗರದಲ್ಲಿ ಸ್ವತಂತ್ರವಾಗಿ ನೆಲೆಸುವ ಯುವತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ತನ್ನದೇ ಬೀಗದ ಕೈ ಹಿಡಿದು ಬಾಡಿಗೆ ಮನೆಯೊಂದರ ಹೊಸ್ತಿಲು ದಾಟುವ ಯುವತಿಗೆ ಎದುರಾಗುವ ಪ್ರಶ್ನೆಗಳಲ್ಲಿ ಅರ್ಧ ಅವಳವು, ಉಳಿದರ್ಧ ಅವಳ ಸುತ್ತಲಿನವರವು. ಎರಡೂ ಬಗೆಯ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಕುಟುಂಬದ ನಡುವೆ ಇರುವಾಗ ಕೇಳದೆಯೇ ಒದಗಿಬರುವ ಎಷ್ಟೋ ನೆರವನ್ನು ಒಬ್ಬಳೇ ಇರುವವಳು ಮುಂದಾಗಿಯೇ ಏರ್ಪಡಿಸಿಕೊಳ್ಳಬೇಕಾಗುತ್ತದೆ; ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ಏರ್ಪಾಡಿಗೆ ಸಂಬಂಧಿಸಿದವು.

ಒಬ್ಬಳೇ ವಾಸಿಸುವವಳು ಎಂದರೆ ಯಾರು? ಹಾಸ್ಟೆಲಿನಲ್ಲಿ ಇರುವವಳೂ ಈ ಲೆಕ್ಕಕ್ಕೆ ಬರುತ್ತಾಳೆಯೇ?

ಜನಗಣತಿಗಳು ಒಬ್ಬರೇ ಸದಸ್ಯರಿರುವ ಮನೆಯನ್ನು ಏಕವ್ಯಕ್ತಿ ಕುಟುಂಬವೆಂದು ಗಣಿಸುತ್ತವೆ. ಹಾಸ್ಟೆಲು, ವಸತಿಗೃಹಗಳನ್ನು ಸಾಮಾನ್ಯವಾಗಿ ಬೇರೆ ಪಟ್ಟಿಯಲ್ಲಿ ಇಡುತ್ತವೆ. ದಿನನಿತ್ಯದ ಬದುಕಿನಲ್ಲಿಯೂ ಈ ವ್ಯತ್ಯಾಸ ಸಣ್ಣದಲ್ಲ. ಹಾಸ್ಟೆಲಿನಲ್ಲಿ ರಾತ್ರಿ ನೀವು ಹಿಂದಿರುಗದಿದ್ದರೆ ಯಾರಾದರೂ ಗಮನಿಸುತ್ತಾರೆ, ಸ್ವಂತ ಮನೆಯಲ್ಲಿ ಯಾರೂ ಗಮನಿಸುವುದಿಲ್ಲ. ಈ ಒಂದು ಸಂಗತಿಯಿಂದಲೇ ಸ್ವಾತಂತ್ರ್ಯವೂ ಹುಟ್ಟುತ್ತದೆ, ಅಪಾಯವೂ ಹುಟ್ಟುತ್ತದೆ. ಇನ್ನೊಂದು ಮಾತು: ಅವಿವಾಹಿತೆ ಎಂಬುದೂ ಒಬ್ಬಳೇ ವಾಸಿಸುವವಳು ಎಂಬುದೂ ಒಂದೇ ಅಲ್ಲ. ಪತಿ ಬೇರೆ ಊರಿನಲ್ಲಿ ಕೆಲಸದಲ್ಲಿರುವ ಯುವತಿಯೂ, ವಿಚ್ಛೇದನದ ಬಳಿಕ ಹೊಸ ಮನೆ ಹಿಡಿದವಳೂ ಇದೇ ಗುಂಪಿಗೆ ಸೇರುತ್ತಾರೆ.

ಇದು ಈ ಕಾಲದ ಹುಡುಗಿಯರ ಹೊಸ ಗೀಳು ಎನ್ನುತ್ತಾರೆ. ನಿಜವೇ?

ಹೊಸದು ಎಂಬುದರಲ್ಲಿ ಸ್ವಲ್ಪ ಸತ್ಯವಿದೆ, ಗೀಳು ಎಂಬುದರಲ್ಲಿ ಇಲ್ಲ. ಅಮೆರಿಕದಲ್ಲಿ 1940ರ ಜನಗಣತಿಯ ವೇಳೆಗೆ ಏಕವ್ಯಕ್ತಿ ಮನೆಗಳು ಒಟ್ಟು ಮನೆಗಳ ಶೇ. 8ರಷ್ಟಿದ್ದವು, 2020ರ ಹೊತ್ತಿಗೆ ಅವು ಶೇ. 27ನ್ನು ದಾಟಿದವು. ಜಪಾನಿನಲ್ಲಿ 2020ರ ಗಣತಿಯ ಪ್ರಕಾರ ಈ ಪ್ರಮಾಣ ಶೇ. 38. ಈ ಮನೆಗಳಲ್ಲಿ ಇರುವವರೆಲ್ಲ ಯುವಜನರಲ್ಲ. ಹಲವು ದೇಶಗಳಲ್ಲಿ ಒಬ್ಬರೇ ವಾಸಿಸುವ ಮಹಿಳೆಯರಲ್ಲಿ ದೊಡ್ಡ ಪಾಲು ವಯಸ್ಸಾದ ವಿಧವೆಯರದು. ಆದರೆ ಆಕ್ಷೇಪ ಕೇಳಿಬರುವುದು ಯುವತಿಯರ ಬಗ್ಗೆ ಮಾತ್ರ ಎಂಬುದನ್ನು ಗಮನಿಸಬೇಕು.

ಮನಸ್ಸಿಗೆ ಬಂದರೂ ಒಬ್ಬಳೇ ಇರಲು ಸಾಧ್ಯವಿಲ್ಲದ ಕಾಲ ಬಹಳ ಹಿಂದಿನದೇನೂ ಅಲ್ಲ. ಫ್ರಾನ್ಸಿನಲ್ಲಿ ವಿವಾಹಿತ ಮಹಿಳೆ ಪತಿಯ ಒಪ್ಪಿಗೆಯಿಲ್ಲದೆ ಉದ್ಯೋಗಕ್ಕೆ ಸೇರಲು, ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಅವಕಾಶ ದೊರೆತದ್ದು 1965ರ ಕಾನೂನಿನಿಂದ. ಸಾಲ ಕೊಡುವಾಗ ಲಿಂಗ ಮತ್ತು ವೈವಾಹಿಕ ಸ್ಥಿತಿಯ ಆಧಾರದಲ್ಲಿ ಭೇದ ಮಾಡುವುದನ್ನು ಅಮೆರಿಕ ನಿಷೇಧಿಸಿದ್ದು 1974ರಲ್ಲಿ. ಸಂಬಳ, ಖಾತೆ, ಬಾಡಿಗೆ ಕರಾರಿಗೆ ಹಾಕುವ ಸಹಿ, ಈ ಮೂರೂ ಒಬ್ಬಳ ಕೈಗೆ ಬಂದ ಮೇಲಷ್ಟೇ ಅವಳು ಮನೆ ಮಾಡಬಲ್ಲಳು. ಅದಕ್ಕೂ ಮುಂಚೆ ನಗರಕ್ಕೆ ದುಡಿಯಲು ಬಂದ ಯುವತಿಯರು ಮಹಿಳಾ ವಸತಿಗೃಹಗಳನ್ನು ಆಶ್ರಯಿಸುತ್ತಿದ್ದರು. ನ್ಯೂಯಾರ್ಕಿನ ಬಾರ್ಬಿಜನ್ ಹೋಟೆಲು 1920ರ ದಶಕದ ಕೊನೆಯಿಂದ 1981ರವರೆಗೆ ಮಹಿಳೆಯರಿಗಷ್ಟೇ ಮೀಸಲಾಗಿತ್ತು. ಅಲ್ಲಿ ಕೋಣೆ ಬೇಕಾದವಳು ತನ್ನ ನಡತೆಯ ಕುರಿತು ಇತರರಿಂದ ಪತ್ರ ತರಬೇಕಾಗಿತ್ತು. ಮನೆ ಮಾಲೀಕರು ಇಂದು ಕೇಳುವ ಪ್ರಶ್ನೆಗಳಿಗೂ ಹೀಗೆ ದೀರ್ಘ ಪರಂಪರೆಯಿದೆ.

ಒಬ್ಬಳೇ ಇರುವುದು ಅಪಾಯವಲ್ಲವೇ?

ಅಪಾಯವಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅಪಾಯ ಯಾವ ದಿಕ್ಕಿನಿಂದ ಬರುತ್ತದೆ ಎಂಬುದರ ಬಗ್ಗೆ ನಮ್ಮ ಊಹೆ ಬಹಳಷ್ಟು ಸಲ ತಪ್ಪಿರುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 85,000 ಮಹಿಳೆಯರು ಮತ್ತು ಬಾಲಕಿಯರು ಉದ್ದೇಶಪೂರ್ವಕವಾಗಿ ಕೊಲೆಯಾದರು. ಅವರಲ್ಲಿ ಸುಮಾರು 51,100 ಮಂದಿಯನ್ನು, ಅಂದರೆ ಶೇ. 60ರಷ್ಟನ್ನು ಕೊಂದವರು ಸಂಗಾತಿಗಳು ಅಥವಾ ಕುಟುಂಬದ ಸದಸ್ಯರು. ಗುಂಪಿನಲ್ಲಿದ್ದರೆ ಕ್ಷೇಮ, ಒಬ್ಬಳೇ ಇದ್ದರೆ ಗಂಡಾಂತರ ಎಂಬ ಸರಳ ಸಮೀಕರಣಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಕತ್ತಲೆಯ ಗಲ್ಲಿಯ ಅಪರಿಚಿತನಿಗೆ ಹೆದರಿ ಹತ್ತು ಎಚ್ಚರಿಕೆಗಳನ್ನು ಪಾಲಿಸುವ ಯುವತಿ, ಮನೆಯ ಇನ್ನೊಂದು ಬೀಗದ ಕೈಯನ್ನು ಮುರಿದುಬಿದ್ದ ಸಂಬಂಧದ ವ್ಯಕ್ತಿಯಿಂದ ಹಿಂದಕ್ಕೆ ಕೇಳಲು ಸಂಕೋಚಪಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ತುರ್ತಾದದ್ದು ಈ ಎರಡನೆಯದು.

ಇನ್ನು ಕೇಡು ಬಗೆಯುವವರು ಯಾರೂ ಇಲ್ಲದ ಅಪಾಯಗಳಿವೆ: ಸ್ನಾನಗೃಹದಲ್ಲಿ ಜಾರಿಬೀಳುವುದು, ಅನಿಲ ಸೋರಿಕೆ, ತೀವ್ರ ಜ್ವರ. ಇವು ಎಲ್ಲರ ಮನೆಯಲ್ಲಿಯೂ ಸಂಭವಿಸುತ್ತವೆ. ಒಬ್ಬಳೇ ಇದ್ದಾಗ ನೆರವು ತಡವಾಗುತ್ತದೆ, ವ್ಯತ್ಯಾಸವಿರುವುದು ಅಷ್ಟೇ.

ಮನೆ ಆರಿಸುವಾಗ ಏನನ್ನು ನೋಡಬೇಕು?

ಹಗಲು ಒಮ್ಮೆ, ರಾತ್ರಿ ಊಟದ ಹೊತ್ತು ಕಳೆದ ಮೇಲೆ ಇನ್ನೊಮ್ಮೆ ಹೋಗಿ ನೋಡಿ. ಬಸ್ಸು ಅಥವಾ ರೈಲು ಇಳಿಯುವ ಜಾಗದಿಂದ ಬಾಗಿಲವರೆಗಿನ ದಾರಿಯನ್ನು ನಡೆದೇ ಅಳೆಯಿರಿ. ಬೀದಿದೀಪಗಳಿಗಿಂತ ಮುಖ್ಯವಾದದ್ದು ಆ ಹೊತ್ತಿನಲ್ಲಿ ದಾರಿಯಲ್ಲಿ ಜನ ಓಡಾಡುತ್ತಾರೆಯೇ, ಅಂಗಡಿಗಳು ತೆರೆದಿರುತ್ತವೆಯೇ ಎಂಬುದು. ನೆಲಮಹಡಿಯ ಮನೆಯಾದರೆ ಕಿಟಕಿಗಳ ಸರಳುಗಳನ್ನು ಪರೀಕ್ಷಿಸಿ. ಆದರೆ ಎಲ್ಲ ಕಿಟಕಿಗಳಿಗೂ ತೆರೆಯಲಾಗದ ಸರಳುಗಳಿದ್ದು ಬಾಗಿಲೂ ಒಂದೇ ಇದ್ದರೆ, ಬೆಂಕಿ ಬಿದ್ದಾಗ ಹೊರಬರುವ ದಾರಿ ಯಾವುದೆಂದು ಕೇಳಿಕೊಳ್ಳಬೇಕು. ಮೊಬೈಲ್ ಸಿಗ್ನಲ್ ಪ್ರತಿಯೊಂದು ಕೋಣೆಯಲ್ಲಿಯೂ, ಮುಖ್ಯವಾಗಿ ಸ್ನಾನಗೃಹದಲ್ಲಿ ಮತ್ತು ಮೆಟ್ಟಿಲಿನ ಬಳಿ, ಸಿಗುತ್ತದೆಯೇ ಎಂದು ನೋಡಿ. ಅಕ್ಕಪಕ್ಕದ ಬಾಗಿಲುಗಳಲ್ಲಿ ಒಂದನ್ನಾದರೂ ತಟ್ಟಿ ಎರಡು ಮಾತಾಡಿದರೆ, ದಲ್ಲಾಳಿ ಹೇಳದ ಸಂಗತಿಗಳು ಐದು ನಿಮಿಷದಲ್ಲಿ ತಿಳಿಯುತ್ತವೆ.

ಮಾಲೀಕರು ವೈಯಕ್ತಿಕ ಪ್ರಶ್ನೆಗಳನ್ನು ಕೇಳಿದರೆ ಏನು ಮಾಡಲಿ?

ಬಾಡಿಗೆ ಕಟ್ಟುವ ಸಾಮರ್ಥ್ಯ, ಗುರುತಿನ ದಾಖಲೆ, ಎಷ್ಟು ಜನ ವಾಸಿಸುತ್ತಾರೆ ಎಂಬ ಮಾಹಿತಿ, ಇವನ್ನು ಕೇಳುವುದು ಸಹಜ. ಮದುವೆ ಯಾವಾಗ, ಯಾರು ಬಂದುಹೋಗುತ್ತಾರೆ ಎಂಬ ವಿಚಾರಣೆ ಆ ಮಿತಿಯನ್ನು ದಾಟುತ್ತದೆ. ಅಲ್ಲಿ ವಾದಕ್ಕೆ ಇಳಿಯುವುದಕ್ಕಿಂತ ಅತಿಥಿಗಳು, ಬಾಗಿಲು ಮುಚ್ಚುವ ವೇಳೆ, ಮಾಲೀಕರು ಮನೆಯೊಳಗೆ ಬರುವ ಮುನ್ನ ಎಷ್ಟು ಸಮಯ ಮುಂಚೆ ತಿಳಿಸಬೇಕು ಎಂಬ ಮೂರು ಅಂಶಗಳನ್ನು ಕರಾರಿನಲ್ಲಿಯೇ ಬರೆಸುವುದು ಲೇಸು. ಬಾಯಿಮಾತಿನಲ್ಲಿ ಉದಾರವಾಗಿದ್ದು ಬರವಣಿಗೆಗೆ ಹಿಂದೇಟು ಹಾಕುವವರ ಮನೆಯನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಬಿಟ್ಟುಬಿಡುವುದು ಕ್ಷೇಮ. ಒಳಹೊಕ್ಕ ದಿನವೇ ಗೋಡೆ, ನಲ್ಲಿ, ನೆಲಗಳ ಚಿತ್ರಗಳನ್ನು ತೆಗೆದು ಮಾಲೀಕರಿಗೆ ಕಳುಹಿಸಿದರೆ ಮುಂಗಡ ಹಣ ವಾಪಸು ಬರುವ ದಿನ ತಕರಾರು ಕಡಿಮೆಯಾಗುತ್ತದೆ.

ಹೊಸ ಮನೆಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಯಾವುದು?

ಬೀಗ ಬದಲಿಸುವುದು. ಹಿಂದಿನ ಬಾಡಿಗೆದಾರರು, ಅವರ ಗೆಳೆಯರು, ಕೆಲಸದವರು, ಬಣ್ಣ ಬಳಿದವರು, ಯಾರ ಬಳಿ ಎಷ್ಟು ಕೀಲಿಗಳಿವೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಹೆಚ್ಚಿನ ಬಾಗಿಲುಗಳಲ್ಲಿ ಇಡೀ ಬೀಗವನ್ನು ಕೀಳಬೇಕಾಗಿಲ್ಲ, ಕೀಲಿ ತೂರಿಸುವ ಒಳಭಾಗವನ್ನಷ್ಟೇ ಬದಲಿಸಿದರೆ ಸಾಕು. ಮಾಲೀಕರ ಒಪ್ಪಿಗೆ ಪಡೆದು ಹಳೆಯದನ್ನು ಜೋಪಾನವಾಗಿಟ್ಟರೆ ಮನೆ ಬಿಡುವಾಗ ಮತ್ತೆ ಕೂರಿಸಬಹುದು. ಹೊರಗೆ ನಿಂತವರನ್ನು ನೋಡುವ ಕಿಂಡಿ ಬಾಗಿಲಿನಲ್ಲಿ ಇಲ್ಲದಿದ್ದರೆ ಅದನ್ನೂ ಅಂದೇ ಮಾಡಿಸಿ.

ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬೇಕೇ?

ಈ ಪ್ರಶ್ನೆಗೆ ಎಲ್ಲರೂ ಹೌದು ಎಂದುಬಿಡುತ್ತಾರೆ, ಆದರೆ ಇಲ್ಲೊಂದು ತೊಡಕಿದೆ. ಒಳಚಿಲಕ ಕಳ್ಳನನ್ನು ತಡೆಯುವಂತೆಯೇ ನೆರವಿಗೆ ಬಂದವರನ್ನೂ ತಡೆಯುತ್ತದೆ. ಆರೋಗ್ಯವಾಗಿರುವ ದಿನಗಳಲ್ಲಿ ಚಿಲಕ ಹಾಕಿ. ಜ್ವರ, ತಲೆಸುತ್ತು ಇರುವ ರಾತ್ರಿ ಕೀಲಿಯಿಂದ ಹೊರಗಿನಿಂದಲೂ ತೆರೆಯಬಹುದಾದ ಬೀಗವನ್ನು ಮಾತ್ರ ಹಾಕಿ, ಆ ಕೀಲಿಯ ಪ್ರತಿಯೊಂದು ನಿಮಗೆ ನಂಬಿಕೆಯಿರುವ ಗೆಳತಿಯ ಬಳಿ ಇರಲಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಿರುವಾಗ ಸ್ನಾನಗೃಹದ ಚಿಲಕ ಹಾಕುವ ಅಗತ್ಯವೇ ಇಲ್ಲ. ಬಾಲ್ಯದಿಂದ ಬಂದ ಅಭ್ಯಾಸವಾದ್ದರಿಂದ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಬಿಡಲು ಕೆಲವು ವಾರಗಳು ಹಿಡಿಯುತ್ತವೆ.

ಅನಿಲ ಮತ್ತು ವಿದ್ಯುತ್ತಿನ ಬಗ್ಗೆ ಏನೂ ಗೊತ್ತಿಲ್ಲ. ಎಷ್ಟು ಕಲಿತರೆ ಸಾಕು?

ಮೊದಲ ವಾರ ಮೂರು ಜಾಗಗಳನ್ನು ಕತ್ತಲೆಯಲ್ಲಿಯೂ ಕಂಡುಹಿಡಿಯುವಂತೆ ಗುರುತು ಮಾಡಿಕೊಳ್ಳಿ: ನೀರು ನಿಲ್ಲಿಸುವ ಮುಖ್ಯ ತಿರುಪು, ವಿದ್ಯುತ್ತಿನ ಮುಖ್ಯ ಸ್ವಿಚ್ಚು, ಅನಿಲ ಬಂದ್ ಮಾಡುವ ಕವಾಟ.

ಅಡುಗೆ ಅನಿಲಕ್ಕೆ ಸ್ವತಃ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಕಟುವಾಸನೆಯ ರಾಸಾಯನಿಕವನ್ನು ಸೇರಿಸಿರುತ್ತಾರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರವಾದ್ದರಿಂದ ಮೇಲಕ್ಕೇರುತ್ತದೆ. ವಾಸನೆ ಬಂದರೆ ದೀಪ ಹಾಕುವುದೂ ಬೇಡ, ಆರಿಸುವುದೂ ಬೇಡ, ಏಕೆಂದರೆ ಸ್ವಿಚ್ಚಿನ ಸಣ್ಣ ಕಿಡಿಯೇ ಸಾಕಾಗುತ್ತದೆ. ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದ ಮೇಲೆಯೇ ಫೋನು ಮಾಡಬೇಕು.

ಇದಕ್ಕಿಂತ ಕಪಟವಾದದ್ದು ಕಾರ್ಬನ್ ಮಾನಾಕ್ಸೈಡ್. ಗಾಳಿಯಾಡದ ಸ್ನಾನಗೃಹದಲ್ಲಿ ಅನಿಲದ ನೀರು ಕಾಯಿಸುವ ಯಂತ್ರ ಉರಿಯುವಾಗ, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡಾಗ ಅದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಉಸಿರಾಡುತ್ತಿದ್ದರೂ ದೇಹ ಉಸಿರುಕಟ್ಟುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಮನೆಯೊಳಗೆ ಕಾಣಿಸಿಕೊಂಡು ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ ಇದನ್ನು ಶಂಕಿಸಬೇಕು. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಸ್ನಾನಕ್ಕೆ ಹೋದವಳು ಏಕೆ ಇನ್ನೂ ಬರಲಿಲ್ಲ ಎಂದು ಬಾಗಿಲು ತಟ್ಟುತ್ತಾರೆ. ಒಬ್ಬಳೇ ಇರುವವಳಿಗೆ ಆ ಕೆಲಸವನ್ನು ಪುಟ್ಟ ಎಚ್ಚರಿಕೆ ಯಂತ್ರವೊಂದು ಮಾಡಬೇಕು. ಅಲಂಕಾರದ ವಸ್ತುಗಳನ್ನು ಕೊಳ್ಳುವ ಮೊದಲು ಅದನ್ನೂ ಹೊಗೆ ಪತ್ತೆಮಾಡುವ ಯಂತ್ರವನ್ನೂ ಕೊಳ್ಳಿ.

ವಿದ್ಯುತ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿದುಹಾಕುವ ರಕ್ಷಕ ಸ್ವಿಚ್ಚು ಇದೆಯೇ ಎಂದು ಮಾಲೀಕರನ್ನು ಕೇಳಿ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ರಾತ್ರಿ ಏನಾದರೂ ಆದರೆ ಯಾರಿಗೂ ಗೊತ್ತಾಗುವುದೇ ಇಲ್ಲವಲ್ಲ?

ಈ ಭಯವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದರೆ ಅನುಭವಿಸದವರು ಯಾರೂ ಇರಲಾರರು. ದಿನಕ್ಕೊಮ್ಮೆ, ಗೊತ್ತಾದ ವೇಳೆಗೆ, ಒಬ್ಬರಿಗೆ ಒಂದು ಸಂದೇಶ ಹೋಗುವಂತೆ ಪರಸ್ಪರ ಒಪ್ಪಂದ ಮಾಡಿಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಒಬ್ಬಳೇ ಇರುವ ಇನ್ನೊಬ್ಬ ಗೆಳತಿಯೊಂದಿಗೆ ಈ ಒಪ್ಪಂದ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಇಬ್ಬರಿಗೂ ಅದರ ಅಗತ್ಯವಿರುತ್ತದೆ. ಸಂದೇಶ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ಫೋನು ಮಾಡಬೇಕು, ಕೀಲಿ ಎಲ್ಲಿದೆ ಎಂಬುದನ್ನೂ ಮಾತಾಡಿಕೊಂಡಿರದಿದ್ದರೆ ಒಪ್ಪಂದ ಅರೆಬರೆಯಾಗುತ್ತದೆ.

ಬೀಗ ತೆರೆಯದೆಯೇ ಓದಬಹುದಾದ ತುರ್ತು ಮಾಹಿತಿಯನ್ನು, ಅಂದರೆ ರಕ್ತದ ಗುಂಪು, ಔಷಧಗಳ ಅಲರ್ಜಿ, ಸಂಪರ್ಕಿಸಬೇಕಾದವರ ಸಂಖ್ಯೆಯನ್ನು ಸ್ಮಾರ್ಟ್‌ಫೋನಿನಲ್ಲಿ ತುಂಬಿಸಿಡಬಹುದು. ತುರ್ತು ಕರೆಯ ಗುಂಡಿ ನಿಮ್ಮ ಫೋನಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಂದೇ ತಿಳಿದುಕೊಳ್ಳಿ. ಒಬ್ಬಳೇ ಊಟ ಮಾಡುವಾಗ ಗಂಟಲಿಗೆ ತುತ್ತು ಸಿಕ್ಕಿ ಉಸಿರಾಡಲು ಆಗದಿದ್ದರೆ, ಗಟ್ಟಿಯಾದ ಕುರ್ಚಿಯ ಬೆನ್ನಿನ ಅಂಚಿಗೆ ಹೊಕ್ಕುಳಿನ ಸ್ವಲ್ಪ ಮೇಲಿನ ಭಾಗವನ್ನು ಒತ್ತಿ, ರಭಸದಿಂದ ಒಳಕ್ಕೂ ಮೇಲಕ್ಕೂ ನೂಕಿಕೊಳ್ಳಬೇಕು. ತುತ್ತು ಹೊರಬಂದ ಮೇಲೂ ವೈದ್ಯರಿಗೆ ತೋರಿಸುವುದು ಒಳ್ಳೆಯದು, ಆ ಒತ್ತಡದಿಂದ ಒಳಗೆ ಪೆಟ್ಟಾಗಿರಬಹುದು.

ಗೆಳತಿಯಷ್ಟೇ ಸಂಬಳವಿದ್ದರೂ ನನಗೆ ಮಾತ್ರ ಏಕೆ ಸಾಲದು?

ನಿಮ್ಮ ಲೆಕ್ಕ ತಪ್ಪಿಲ್ಲ. ಬಾಡಿಗೆ, ಇಂಟರ್ನೆಟ್, ಫ್ರಿಜ್ಜು, ಒಂದು ಕೋಣೆಯ ದೀಪ, ಇವುಗಳ ವೆಚ್ಚ ಇರುವ ಜನರ ಸಂಖ್ಯೆಗೆ ತಕ್ಕಂತೆ ಏರುವುದಿಲ್ಲ. ಅರ್ಥಶಾಸ್ತ್ರಜ್ಞರು ಬೇರೆ ಬೇರೆ ಗಾತ್ರದ ಕುಟುಂಬಗಳನ್ನು ಹೋಲಿಸಲು ಸದಸ್ಯರ ಸಂಖ್ಯೆಯ ವರ್ಗಮೂಲವನ್ನು ಬಳಸುವುದುಂಟು. ಅದರ ಪ್ರಕಾರ ಒಬ್ಬಳಿಗೆ 100 ಬೇಕಾದ ಜೀವನಮಟ್ಟಕ್ಕೆ ಇಬ್ಬರಿಗೆ 200ರ ಬದಲು ಸುಮಾರು 141 ಸಾಕು. ಅಂದರೆ ಮನೆ ಹಂಚಿಕೊಂಡವಳು 71ರಲ್ಲಿ ಕಳೆಯುವ ಬದುಕಿಗೆ ನೀವು 100 ತೆರುತ್ತೀರಿ. ಈ ಹೆಚ್ಚುವರಿಯನ್ನು ಏಕಾಂತದ ಬೆಲೆ ಎಂದು ಒಪ್ಪಿಕೊಂಡು, ಅದು ನಿಮಗೆ ಅಷ್ಟು ಬೆಲೆಬಾಳುತ್ತದೆಯೇ ಎಂದು ವರ್ಷಕ್ಕೊಮ್ಮೆ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಮೂರರಿಂದ ಆರು ತಿಂಗಳ ಖರ್ಚನ್ನು ಆಪದ್ಧನವಾಗಿ ಇಡಬೇಕೆಂಬುದು ರೂಢಿಯ ಸಲಹೆ. ಸಂಬಳ ನಿಂತರೆ ಮನೆಗೆ ಬರುವ ಎರಡನೆಯ ಸಂಬಳ ನಿಮಗಿಲ್ಲವಾದ್ದರಿಂದ ಆರಕ್ಕೇ ಗುರಿಯಿಡಿ.

ಒಬ್ಬಳಿಗಾಗಿ ಅಡುಗೆ ಮಾಡಲು ಮನಸ್ಸೇ ಬರುವುದಿಲ್ಲ.

ಎಲ್ಲರಿಗೂ ಹಾಗೆಯೇ. ವಾರಕ್ಕೆ ಎರಡು ಸಲ ಹೆಚ್ಚು ಮಾಡಿ, ಪಾಲು ಮಾಡಿ, ತಣಿಸಿ ಶೈತ್ಯಪೆಟ್ಟಿಗೆಯಲ್ಲಿಡಿ. ಉಳಿದ ದಿನಗಳ ಬಗ್ಗೆ ಅಪರಾಧಿ ಭಾವ ಬೇಡ.

ಒಂಟಿತನ ಕಾಡಿದರೆ?

ಒಬ್ಬಳೇ ಇರುವುದು ಹೊರಗಿನ ಸ್ಥಿತಿ, ಒಂಟಿತನ ಒಳಗಿನದು, ಏಕಾಂತ ನಾವಾಗಿ ಬಯಸಿ ಪಡೆದದ್ದು. ಭಾಷೆಯೇ ಮೂರು ಬೇರೆ ಪದಗಳನ್ನು ಕೊಟ್ಟಿರುವಾಗ ಅವನ್ನು ಕಲಸಿಬಿಡಬಾರದು. ತುಂಬಿದ ಮನೆಯಲ್ಲಿ ಒಂಟಿಯಾಗಿರುವವರನ್ನು ನಾವೆಲ್ಲ ಬಲ್ಲೆವು. ಹಾಗೆಂದು ಈ ವಿಷಯವನ್ನು ತೇಲಿಸಿಬಿಡಲೂ ಆಗದು. 70 ಅಧ್ಯಯನಗಳನ್ನು ಒಗ್ಗೂಡಿಸಿದ 2015ರ ವಿಶ್ಲೇಷಣೆಯೊಂದು ಒಂಟಿತನದ ಭಾವನೆಯೊಂದಿಗೆ ಶೇ. 26ರಷ್ಟು, ಒಬ್ಬರೇ ವಾಸಿಸುವುದರೊಂದಿಗೆ ಶೇ. 32ರಷ್ಟು ಹೆಚ್ಚಿನ ಅಕಾಲಿಕ ಮರಣದ ಸಂಭವವನ್ನು ಕಂಡಿತು. ಒಂದರೊಡನೆ ಇನ್ನೊಂದು ಕಾಣಿಸಿಕೊಂಡಿದೆ ಎಂದಷ್ಟೇ ಇದರ ಅರ್ಥ, ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬೊಬ್ಬ ಸಚಿವರಿಗೆ ವಹಿಸುವಷ್ಟು ಇದು ಗಂಭೀರವಾಗಿದೆ.

ಗಮನಿಸಬೇಕಾದ ಸೂಚನೆಗಳು ಸಣ್ಣವು: ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಬಾಯಿಯಿಂದ ಒಂದು ಮಾತೂ ಹೊರಡದಿರುವುದು, ಕರೆ ಬಂದಾಗ ಎತ್ತಲು ಬೇಸರವಾಗುವುದು, ಪಾತ್ರೆಗಳು ದಿನಗಟ್ಟಲೆ ತೊಳೆಯದೆ ಬಿದ್ದಿರುವುದು. ಹೊಸ ಗೆಳೆತನಗಳನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಒಂದೇ ಜಾಗಕ್ಕೆ, ಒಂದೇ ವೇಳೆಗೆ, ಪ್ರತಿ ವಾರ ಹೋಗುವ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಗ್ರಂಥಾಲಯವೋ ಈಜುಕೊಳವೋ ಸಂಗೀತದ ತರಗತಿಯೋ, ಮುಖಗಳು ಪರಿಚಿತವಾದ ಮೇಲೆ ಮಾತು ತಾನಾಗಿ ಹುಟ್ಟುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು, ಆಸಕ್ತಿ ಮೂರೂ ಕುಸಿದಿದ್ದರೆ ಅದನ್ನು ಒಂಟಿತನವೆಂದು ತಳ್ಳಿಹಾಕದೆ ಮನೋವೈದ್ಯರನ್ನು ಕಾಣಬೇಕು.

ನನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸುತ್ತಿದೆ. ಇದು ನನ್ನ ಭ್ರಮೆಯಿರಬಹುದೇ?

ಭ್ರಮೆಯೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆಯನ್ನು ಮೊದಲ ದಿನವೇ ಹೊತ್ತುಕೊಳ್ಳಬೇಡಿ. ದಿನಾಂಕ, ವೇಳೆ, ಸ್ಥಳ, ನಡೆದದ್ದು, ಇಷ್ಟನ್ನು ಬರೆದಿಡಲು ಆರಂಭಿಸಿ. ಹಿಂಬಾಲಿಸಿ ಕಾಡುವುದನ್ನು ಪ್ರತ್ಯೇಕ ಅಪರಾಧವೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1990ರಲ್ಲಿ ಕಾನೂನು ಮಾಡಿದ ಬಳಿಕ ಅನೇಕ ದೇಶಗಳು ಅದೇ ದಾರಿ ಹಿಡಿದವು. ಇಂಥ ಪ್ರಕರಣಗಳಲ್ಲಿ ಒಂದೊಂದು ಘಟನೆಯೂ ಬಿಡಿಯಾಗಿ ಕ್ಷುಲ್ಲಕವಾಗಿ ಕಾಣುವುದರಿಂದ, ಅವು ಮರುಕಳಿಸಿದ ಬಗೆಯನ್ನು ತೋರಿಸುವ ದಾಖಲೆಗೇ ತೂಕ. ಪರಿಚಿತ ವ್ಯಕ್ತಿಯಾದರೆ ಬೇಡವೆಂದು ಒಂದೇ ಸಲ, ಸ್ಪಷ್ಟವಾಗಿ, ಬರವಣಿಗೆಯಲ್ಲಿ ತಿಳಿಸಿ. ಅನಂತರ ಬೈಗುಳಕ್ಕೂ ಬೇಡಿಕೆಗೂ ಉತ್ತರಿಸಬೇಡಿ, ಸಂದೇಶಗಳನ್ನು ಅಳಿಸಲೂ ಬೇಡಿ. ಅದನ್ನೆಲ್ಲ ಹಿಡಿದು ಪೊಲೀಸರ ಬಳಿ ಹೋಗುವಾಗ ಜೊತೆಗೊಬ್ಬರು ಇರಲಿ.

ಚೀಲದಲ್ಲಿ, ವಾಹನದಲ್ಲಿ ಅಡಗಿಸಬಹುದಾದ ಪುಟ್ಟ ಸ್ಥಳಸೂಚಕಗಳ ದುರುಪಯೋಗವೂ ನಡೆಯುತ್ತದೆ. ಅಪರಿಚಿತ ಸೂಚಕವೊಂದು ಜೊತೆಯಲ್ಲಿ ಸಾಗುತ್ತಿದ್ದರೆ ಫೋನಿನಲ್ಲಿ ಎಚ್ಚರಿಕೆ ಕಾಣಿಸುವ ವ್ಯವಸ್ಥೆಯನ್ನು ಆ್ಯಪಲ್ ಮತ್ತು ಗೂಗಲ್ ಸಂಸ್ಥೆಗಳು ಮೇ 2024ರಲ್ಲಿ ಜಂಟಿಯಾಗಿ ಜಾರಿಗೆ ತಂದವು. ನಿಮ್ಮ ಫೋನಿನಲ್ಲಿ ಅದನ್ನು ನಿಲ್ಲಿಸಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸಂಬಂಧ ಮುರಿದ ದಿನ ಪಾಸ್‌ವರ್ಡುಗಳನ್ನೂ, ಸ್ಥಳ ಹಂಚಿಕೆಯನ್ನೂ, ಬೀಗವನ್ನೂ ಒಟ್ಟಿಗೇ ಬದಲಿಸಬೇಕು.

ಒಬ್ಬಳೇ ಇರುವುದಾಗಿ ಹೊರಗಿನವರಿಗೆ ಹೇಳಬಹುದೇ?

ಹೇಳಬೇಕಾದವರಿಗೆ ಹೇಳಿ, ಎಲ್ಲರಿಗೂ ಬೇಡ. ಪಾರ್ಸೆಲ್ ತಂದವರು, ರಿಪೇರಿಗೆ ಬಂದವರು ಕೇಳಿದರೆ ಉತ್ತರಿಸುವ ಬಾಧ್ಯತೆ ನಿಮಗಿಲ್ಲ. ಈ ಸಂದರ್ಭದಲ್ಲಿ ಸುಳ್ಳು ಹೇಳಿದರೆ ತಪ್ಪೂ ಅಲ್ಲ. ಪ್ರವಾಸದ ಚಿತ್ರಗಳನ್ನು ಮರಳಿ ಬಂದ ಮೇಲೆ ಹಾಕಿ. ಕಿಟಕಿಯ ಹೊರಗಿನ ನೋಟವಿರುವ ಒಂದೇ ಚಿತ್ರದಿಂದ ಮನೆಯನ್ನು ಗುರುತಿಸಬಲ್ಲವರಿದ್ದಾರೆ.

ಮನೆಯವರು ಒಪ್ಪುತ್ತಿಲ್ಲ. ಹೇಗೆ ಮಾತಾಡಲಿ?

ಅವರ ವಿರೋಧದಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುತ್ತವೆ: ಮಗಳಿಗೆ ಏನಾದೀತೋ ಎಂಬ ಆತಂಕ, ನಾಲ್ಕು ಜನ ಏನೆಂದಾರೋ ಎಂಬ ಅಳುಕು. ಮೊದಲನೆಯದಕ್ಕೆ ಉತ್ತರವಿದೆ. ಬೀಗ ಬದಲಿಸಿದ್ದೇನೆ, ಕೀಲಿ ಇಂಥವರ ಬಳಿಯಿದೆ, ದಿನವೂ ಈ ವೇಳೆಗೆ ಸಂದೇಶ ಕಳುಹಿಸುತ್ತೇನೆ, ಹತ್ತಿರದ ಆಸ್ಪತ್ರೆ ಇಷ್ಟು ದೂರದಲ್ಲಿದೆ ಎಂಬ ವಿವರಗಳು, ನಾನೇನು ಚಿಕ್ಕವಳೇ ಎಂಬ ಕೋಪಕ್ಕಿಂತ ಬೇಗ ಅವರನ್ನು ಮುಟ್ಟುತ್ತವೆ. ಒಮ್ಮೆ ಅವರನ್ನೇ ಕರೆತಂದು ಎರಡು ದಿನ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಎರಡನೆಯ ಎಳೆಗೆ ಉತ್ತರವಿಲ್ಲ. ಆ ನಾಲ್ಕು ಜನ ಯಾರೆಂದು ಇದುವರೆಗೆ ಯಾರಿಗೂ ತಿಳಿದಿಲ್ಲವಾದ್ದರಿಂದ ಅವರನ್ನು ಒಪ್ಪಿಸುವುದೂ ಅಸಾಧ್ಯ. ಎರಡನ್ನೂ ಒಂದೇ ಜಗಳದಲ್ಲಿ ಸೇರಿಸದಿರುವುದು ಮುಖ್ಯ.

ಒಂದು ವರ್ಷ ಪ್ರಯತ್ನಿಸಿದೆ, ಸಾಕೆನಿಸಿದೆ. ಮರಳಿ ಹೋದರೆ ಸೋತಂತಾಗುವುದಿಲ್ಲವೇ?

ಇಲ್ಲ. ಬಹಳಷ್ಟು ಜನ ಬದುಕಿನ ಒಂದು ಘಟ್ಟದಲ್ಲಿ ಒಬ್ಬರೇ ಇದ್ದು, ಇನ್ನೊಂದರಲ್ಲಿ ಗೆಳತಿಯರೊಂದಿಗೋ ಕುಟುಂಬದೊಂದಿಗೋ ಇದ್ದು, ಮತ್ತೆ ಒಬ್ಬರೇ ಆಗುತ್ತಾರೆ. ಆದರೆ ತೀರ್ಮಾನವನ್ನು ಜ್ವರ ಬಂದ ವಾರದಲ್ಲಿಯೋ ಸಂಬಂಧ ಮುರಿದ ತಿಂಗಳಿನಲ್ಲಿಯೋ ತೆಗೆದುಕೊಳ್ಳಬೇಡಿ. ಕರಾರು ಮುಗಿಯುವ ಎರಡು ತಿಂಗಳು ಮೊದಲು, ಯಾವ ವಿಶೇಷವೂ ಇಲ್ಲದ ಒಂದು ಸಂಜೆ, ಕೆಲಸ ಮುಗಿಸಿ ಬಾಗಿಲು ತೆರೆದು ಒಳಗೆ ಕಾಲಿಡುವಾಗ ಏನೆನಿಸುತ್ತದೆ ಎಂಬುದನ್ನು ಗಮನಿಸಿ ನೋಡಿ. ಹಾಯೆನಿಸಿದರೆ ಕರಾರನ್ನು ಮುಂದುವರಿಸಿ. ಭಾರವೆನಿಸಿದರೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಜೋಪಾನವಾಗಿಟ್ಟ ಹಳೆಯ ಬೀಗವನ್ನು ಬಾಗಿಲಿಗೆ ಮತ್ತೆ ಕೂರಿಸಿ ಹೊರಡಿ.